ತಡ್ಪೆಯ ಮೇಲೆ ಡಿಸ್ಕೋ

ಹಳೆಯ ಹಾಡುಗಳನ್ನು ಕತ್ತರಿಸಿ ಕೆಡಿಸಿದವರು ಯಾರ್ಯಾರು ಎಂದು ಯಾರಾದರೂ ಪಟ್ಟಿ ಮಾಡುವುದಾದರೆ ನನ್ನನ್ನೂ ಸೇರಿಸಿಕೊಳ್ಳಬಹುದು. ಕತ್ತರಿಸಿದ್ದು ಹೌದು. ಬ್ಲೇಡಿನಲ್ಲಿ ಕತ್ತರಿಸಿದ್ದೇನೆ, ಟೇಪ್ ರೆಕಾರ್ಡರಿನ ಪಾಜ್ ಬಟನ್ ಒತ್ತಿ ಕತ್ತರಿಸಿದ್ದೇನೆ. ಕೆಡಿಸಿದ್ದೇನೆ ಎಂದು ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಗ ನಮ್ಮ ಮನೆ ಬೆಳ್ತಂಗಡಿ ಪೇಟೆಗೆ ತಾಗಿಕೊಂಡೇ ಇರುವ ಲಾಯಿಲದಲ್ಲಿತ್ತು. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಕವುಚಿ ಹಾಕಿದ ಮೇಲೆ ನಾವು ಏಳು ಜನ ಹೆಂಗಸರು ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಲಿಕ್ಕೆ ಕೂರುತ್ತಿದ್ದೆವು. ತಡ್ಪೆ ಎಂದರೆ ಅಕ್ಕಿ ಗೇರುವ ಗೆರಸೆ. ಅದನ್ನು ತೊಡೆಯ ಮೇಲಿಟ್ಟು, ಅದರಲ್ಲೇ ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ಕತ್ತರಿ ಎಲ್ಲ ಹರಡಿಕೊಂಡು ಕಟ್ಟುವುದು ನಮ್ಮ ಕಡೆಯ ಕ್ರಮ. ಪಕ್ಕದ ಮನೆಯೇ ಯಾಕೆಂದರೆ ಅಲ್ಲಿ ಎರಡು ಕ್ಯಾಸೆಟ್ ಹಾಕುವ ದೊಡ್ಡ ಟೇಪ್ ರೆಕಾರ್ಡರ್ ಇತ್ತು. ಆ ಮನೆಯ ನನ್ನ ಬ್ಯಾರಿ ಮುಸ್ಲಿಂ ಗೆಳತಿಯ ಗಂಡ ಗಲ್ಫಿನಿಂದ ಬರುವಾಗ ಕಂಬಳಿಯಲ್ಲಿ ಸುತ್ತಿ ತಂದದ್ದು. ಅದರ ಜೊತೆಗೆ ಎಂಬತ್ತರ ದಶಕದ ಹಿಂದಿ ಡಿಸ್ಕೋ ಹಾಡುಗಳ ಒಂದು ಪೆಟ್ಟಿಗೆ ಕ್ಯಾಸೆಟ್ಟೂ ಬಂದಿತ್ತು.

ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಸಿಟ್ಟು ಬಂದರೆ ಗೆಳತಿ ಮಾತ್ರ ಬ್ಯಾರಿ ಭಾಷೆಗೆ ಹೋಗುತ್ತಿದ್ದಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಆ ಪೆಟ್ಟಿಗೆಯ ಕ್ಯಾಸೆಟ್ಟುಗಳು ವರ್ಷಗಟ್ಟಲೆ ಓಡಿ ಓಡಿ ಅವುಗಳ ಟೇಪು ರೋಲರಿಗೆ ಸುತ್ತಿಕೊಳ್ಳುತ್ತಿತ್ತು. ಸುತ್ತಿಕೊಂಡದ್ದನ್ನು ತಾಳ್ಮೆಯಿಂದ ಬಿಡಿಸಿ, ಪೆನ್ಸಿಲ್ ತೂರಿಸಿ ತಿರುಗಿಸಿ, ಹರಿದಲ್ಲಿ ಸೆಲ್ಲೋ ಟೇಪಿನ ಸಣ್ಣ ತುಂಡು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂಟಿಸಿದಲ್ಲೆಲ್ಲ ಹಾಡು ಒಂದು ಪದ ಹಾರುತ್ತಿತ್ತು. ತಾಳಕ್ಕೆ ಸರಿಯಾಗಿ ಹಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಕಲಿತದ್ದು ಹೀಗೆ. ಆಮೇಲೆ ಹರಿಯದಿದ್ದರೂ ಹಾರಿಸಲಿಕ್ಕೆ ಶುರು ಮಾಡಿದೆ. ಬೇಡದ ಸಾಲು ಬಿಟ್ಟು, ಬೇಕಾದ ಬಡಿತವನ್ನು ಎರಡು ಸಲ ಹಾಕಿ, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ. ಅದಕ್ಕೆ ರಿಮಿಕ್ಸ್ ಎನ್ನುವ ಹೆಸರುಂಟು ಎಂದು ನನಗೆ ಗೊತ್ತಾದದ್ದು ಎಷ್ಟೋ ಸಮಯದ ನಂತರ.

ಆ ವರ್ಷ ನಮ್ಮ ಮಕ್ಕಳ ಶಾಲೆಯ ಹೆಡ್ ಟೀಚರ್, ಸ್ಕೂಲ್ ಡೇಗೆ ತಾಯಂದಿರದ್ದೂ ಒಂದು ಐಟಂ ಇರಲಿ ಎಂದು ಹೇಳಿ ಕಳಿಸಿದರು. ಜಗಲಿಯಲ್ಲಿ ಬೀಡಿ ಕಟ್ಟುವ ಕೈಗಳು ಒಮ್ಮೆ ನಿಂತವು.

ಇದು ದೊಡ್ಡ ಸಂಗತಿ ಯಾಕೆಂದು ಹೇಳಬೇಕು. ನಮ್ಮ ಗುಂಪಿನ ಹೆಚ್ಚಿನವರು ಅದೇ ಶಾಲೆಯಲ್ಲಿ ಐದನೆಯದ್ದೋ ಆರನೆಯದ್ದೋ ಕ್ಲಾಸಿಗೆ ಪುಸ್ತಕ ಬಿಟ್ಟು ತಡ್ಪೆ ಹಿಡಿದವರು. ಪ್ರತಿ ವರ್ಷ ಸ್ಕೂಲ್ ಡೇಗೆ ಅವರು ಹೋಗುವುದು ಸ್ಟೇಜಿನ ಹಿಂದಕ್ಕೆ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮಕ್ಕಳಿಗೆ ಸೀರೆ ಉಡಿಸಲಿಕ್ಕೆ. ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ನಮ್ಮ ಹಿರಿಯಳದ್ದು ಇನ್ನೂ ಬೇರೆ ಕತೆ. ಆರನೆಯ ಕ್ಲಾಸಿನಲ್ಲಿ ಅವಳು ಡ್ಯಾನ್ಸಿಗೆ ಆಯ್ಕೆಯಾಗಿದ್ದಳು, ಲಂಗವೂ ಹೊಲಿದಾಗಿತ್ತು. ಸ್ಕೂಲ್ ಡೇಗೆ ನಾಲ್ಕು ದಿನ ಇರುವಾಗ ಮನೆಯವರು ಶಾಲೆ ಬಿಡಿಸಿದರು. ಆ ಲಂಗ ಇನ್ನೊಬ್ಬಳು ಹಾಕಿದಳು.

"ಒಂದು ಸಲ ಆ ಸ್ಟೇಜ್ ಹತ್ತಬೇಕು ನನಗೆ" ಎಂದಳು ದೊಡ್ಡಕ್ಕ. "ಮರುದಿನ ಬೇಕಾದರೆ ಸೊಂಟ ಹಿಡಿದುಕೊಂಡು ಮಲಗ್ತೇನೆ."

"ನಾನು ಹತ್ತುವುದಿಲ್ಲ ಮಾರಾಯ್ತಿ, ನಮ್ಮಲ್ಲಿ ಅದು ಸರಿಯಾಗುವುದಿಲ್ಲ" ಎಂದಳು ಬ್ಯಾರಿ ಗೆಳತಿ. "ಆದರೆ ಹಾಡು ನನ್ನ ಪೆಟ್ಟಿಗೆಯಿಂದಲೇ ಆಗಬೇಕು."

ಹಾಗೆ ಐದು ಜನ ಕುಣಿಯುವುದು, ನಾನು ಕ್ಯಾಸೆಟ್ ಮಾಡುವುದು, ಅವಳದ್ದು ಟೇಪ್ ರೆಕಾರ್ಡರ್ ಎಂದು ಆಯಿತು. ನಾವು ಆರಿಸಿದ್ದು ಆರು ನಿಮಿಷದ ಒಂದು ಡಿಸ್ಕೋ ಹಾಡು. ಹುಡುಗಿಯಾಗಿದ್ದಾಗ ಮೂಡುಬಿದಿರೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಾಗ, ಮದುವೆಯ ಮೈಕಿನಿಂದ ಆ ಹಾಡು ಬಂದರೆ ನನಗೆ ಕಾಲು ನಿಲ್ಲುತ್ತಿರಲಿಲ್ಲ.

ಸುದ್ದಿ ಶಾಲೆಯ ಸಮಿತಿಯ ಹಿರಿಯರ ಕಿವಿಗೆ ಬಿತ್ತು. ನಿವೃತ್ತ ಮಾಸ್ಟ್ರು, ಒಳ್ಳೆಯವರೇ. ಮಳೆಗಾಲದಲ್ಲಿ ಮಕ್ಕಳಿಗೆ ಕೊಡೆ ಕೊಡಿಸಿದವರು. ಅವರೇ ಜಗಲಿಗೆ ಬಂದರು.

"ನೋಡಿಯಮ್ಮ, ತಾಯಂದಿರು ಎಂದರೆ ಒಂದು ಗೌರವ ಉಂಟು. ಭಜನೆ ಹೇಳಿ. ಅದು ಬೇಡವಾದರೆ ಸಂಗೀತ ಕುರ್ಚಿ ಆಡಿ."

"ಕುರ್ಚಿಯಲ್ಲಿ ಕೂತು ನಮಗೆ ಅಭ್ಯಾಸ ಇಲ್ಲ ಮಾಸ್ಟ್ರೇ" ಎಂದಳು ದೊಡ್ಡಕ್ಕ, ತಲೆ ಎತ್ತದೆ.

ಹಾಡು ಕೇಳಿಸಿ ಎಂದರು. ಹಾಕಿದೆ. ಮಧ್ಯಾಹ್ನ ಎರಡೂವರೆ ಗಂಟೆ. ಹಾಡುವವಳು ನಡುವೆ ದೀರ್ಘವಾಗಿ ಉಸಿರು ಬಿಡುವ ಒಂದು ಭಾಗ ಬಂದಾಗ ಅವರು ಎದ್ದೇ ನಿಂತರು. "ಇದು ಆಗ್ಲಿಕ್ಕಿಲ್ಲ. ಮತ್ತೆ ಇನ್ನೊಂದು ಮಾತು ಹೇಳ್ತೇನೆ, ಬೇಸರ ಮಾಡಬೇಡಿ. ಹಾಡು ಹಳತಾಯಿತು. ಎಮ್ಮೆ ನಡೆದ ಹಾಗೆ ಉಂಟು. ಈಗಿನವರು ಕೂತು ಕೇಳುವುದಿಲ್ಲ."

ಉಸಿರಿನ ವಿಷಯಕ್ಕೆ ನನಗೆ ನಗು ಬಂತು. ಎಮ್ಮೆಯ ಮಾತು ಮಾತ್ರ ಚುಚ್ಚಿತು, ಯಾಕೆಂದರೆ ನನಗೂ ಹಾಗೆಯೇ ಅನಿಸಿತ್ತು. ಮೂಡುಬಿದಿರೆಯಲ್ಲಿ ಕೇಳಿದ ಹಾಡು ಇದಲ್ಲ. ಅದೇ ದನಿ, ಅದೇ ಬಡಿತ, ಆದರೆ ಎಳೆಯುತ್ತದೆ. ಎರಡು ಹೆತ್ತ ಮೇಲೆ ನನ್ನ ಕಿವಿಯೇ ಭಾರವಾಗಿರಬೇಕು ಎಂದುಕೊಂಡೆ.

ಉದ್ದ ಅರ್ಧಕ್ಕೆ ಇಳಿಸಿ, ಉಸಿರು ತೆಗೆದು, ಮತ್ತೆ ಕೇಳಿಸಿ, ನೋಡುವ ಎಂದು ಹೇಳಿ ಮಾಸ್ಟ್ರು ಹೋದರು.

ಗೆಳತಿಯ ಕ್ಯಾಸೆಟ್ಟಿನಲ್ಲಿ ಆ ಹಾಡಿಗೆ ನಾನೇ ಹಾಕಿದ ತೇಪೆ ನಾಲ್ಕು ಕಡೆ ಇತ್ತು. ಒಳ್ಳೆಯ ಪ್ರತಿ ಬೇಕೆಂದು ಬಸ್ಸು ಹತ್ತಿ ಬಂಟ್ವಾಳ ಪೇಟೆಗೆ ಹೋದೆ. ಅಂಗಡಿಯವನು ಏಣಿ ಹತ್ತಿ ಮೇಲಿನ ಸಾಲಿನಿಂದ ತೆಗೆದು ಧೂಳು ಊದಿದ.

"ಈ ಮುದಿ ಹಾಡು ಯಾರಿಗಕ್ಕ?"

"ಮುದುಕಿಯರಿಗೆ" ಎಂದೆ.

ಎರಡು ವಾರ, ದಿನಾ ಮಧ್ಯಾಹ್ನ ಕೂತೆ. ಎಡಗಡೆ ಹಾಡು ಓಡಬೇಕು, ಬಲಗಡೆ ಖಾಲಿ ಕ್ಯಾಸೆಟ್ ರೆಕಾರ್ಡಿಗೆ ಇಟ್ಟು ಪಾಜ್ ಒತ್ತಿರಬೇಕು, ತಾಳ ಎಣಿಸಿ ಸರಿಯಾದ ಗಳಿಗೆಗೆ ಬಿಡಬೇಕು. ಕಾಲು ಸೆಕೆಂಡು ತಪ್ಪಿದರೆ ಮೊದಲಿನಿಂದ. ಶುರುವಿನ ಉದ್ದದ ಪೀಠಿಕೆ ತೆಗೆದೆ. ಹಾಡಿನ ಎದೆ ಎನ್ನುವ ಹಾಗಿದ್ದ ಬೇಸ್ ಗಿಟಾರಿನ ಸಾಲನ್ನು ಮಾತ್ರ ಮುಟ್ಟಲಿಲ್ಲ, ಎರಡು ಸಲ ಹಾಕಿದೆ. ಉಸಿರು ತೆಗೆದಲ್ಲಿ ಹದಿನಾರು ಎಣಿಕೆಯ ಒಂದು ಹೊಂಡ ಉಳಿಯಿತು. ಏನು ತುಂಬಿಸಿದರೂ ಅದು ಹೊಂಡವೇ.

ಒಂದು ದಿನ ನಾನು ಅಲ್ಲಿಗೆ ಬಂದು ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದಾಗ, ಗೆಳತಿ ತಡ್ಪೆಯ ಹುಡಿ ಕೊಡವಿ ಉಗುರಿನಲ್ಲಿ ಬಡಿಯಲಿಕ್ಕೆ ಶುರು ಮಾಡಿದಳು. ಹಾಡು ನಿಂತರೂ ಅವಳ ಕೈ ನಿಂತಿರಲಿಲ್ಲ, ಅಷ್ಟೇ. ದೊಡ್ಡಕ್ಕ ಎಲೆ ಕತ್ತರಿಸುವ ಕತ್ತರಿಯನ್ನು ಖಾಲಿ ಆಡಿಸಿ ಚಕ್ ಚಕ್ ಎಂದು ಸೇರಿಸಿದಳು. ಮತ್ತೆ ಉಳಿದವರ ತಡ್ಪೆಗಳೂ ಮಾತಾಡಿದವು.

"ತಡೆಯಿರಿ, ತಡೆಯಿರಿ!" ಎಂದು ಟೇಪ್ ರೆಕಾರ್ಡರಿನ ಮೈಕಿನ ತೂತನ್ನು ಅವರ ಕಡೆಗೆ ತಿರುಗಿಸಿ ರೆಕಾರ್ಡ್ ಒತ್ತಿದೆ. ಹದಿನಾರು ಎಣಿಕೆ ಮುಗಿಯುವಾಗ ಗೆಳತಿ ತಡೆಯಲಾಗದೆ "ಹೋಯ್!" ಎಂದು ಕೂಗಿಬಿಟ್ಟಳು.

"ಅಯ್ಯೋ, ಅದನ್ನು ಅಳಿಸು ಮಾರಾಯ್ತಿ. ನನ್ನ ದನಿ ಊರೆಲ್ಲ ಕೇಳಬೇಕಾ?"

"ಅಳಿಸಿದರೆ ತಡ್ಪೆಯೂ ಹೋಗ್ತದೆ" ಎಂದೆ. ಅದು ಪೂರ್ತಿ ನಿಜವಲ್ಲ. ನನಗೆ ಅದು ಬೇಕಿತ್ತು.

ಮಾಸ್ಟ್ರು ಮತ್ತೆ ಬಂದು ಕೇಳಿದರು. ಉಸಿರು ಹೋದದ್ದಕ್ಕೆ ತಲೆಯಾಡಿಸಿದರು. "ಎಳೆತ ಮಾತ್ರ ಹೋಗಲಿಲ್ಲ. ಮತ್ತೆ ನಡುವೆ ಅದೇನು ಡಬಡಬ?"

"ತಡ್ಪೆ. ಮತ್ತೆ ನಮ್ಮ ಕತ್ತರಿ."

ಅವರ ಮುಖ ಗಟ್ಟಿಯಾಯಿತು. "ಶಾಲೆಯ ಸ್ಟೇಜಿನಲ್ಲಿ ಬೀಡಿಯಾ? ಮಕ್ಕಳ ಎದುರು? ಅದನ್ನು ತೆಗೆಯಿರಿ. ಅಷ್ಟು ತೆಗೆದರೆ ನಾನು ಬೇರೆ ಏನೂ ಹೇಳುವುದಿಲ್ಲ."

ನಾನು ಜೋರಾಗಿ ಮಾತಾಡುವವಳಲ್ಲ. ಅವತ್ತು ಕೂಡ ಜೋರು ಮಾಡಲಿಲ್ಲ. "ಆ ಮಕ್ಕಳ ಯೂನಿಫಾರ್ಮು ಇದೇ ತಡ್ಪೆಯಿಂದ ಬಂದದ್ದು ಮಾಸ್ಟ್ರೇ. ಮಕ್ಕಳು ಓದುವುದೂ ಇದರ ಪಕ್ಕದಲ್ಲೇ ಕೂತು. ಅವರು ನೋಡದ ಹೊಸತು ಇದರಲ್ಲಿ ಏನೂ ಇಲ್ಲ. ಉಸಿರು ತೆಗೆಯಿರಿ ಎಂದಿರಿ, ತೆಗೆದೆ. ಇದನ್ನು ತೆಗೆಯುವುದಿಲ್ಲ."

"ಹಾಗಾದರೆ ಪಟ್ಟಿಯಲ್ಲಿ ನಿಮ್ಮ ಐಟಂ ಇರುವುದಿಲ್ಲ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಯಾರೂ ನನ್ನನ್ನು ನೋಡಲಿಲ್ಲ. ನನ್ನ ಹಟಕ್ಕೆ ದೊಡ್ಡಕ್ಕನ ಸ್ಟೇಜು ಹೋಯಿತಲ್ಲ ಎನಿಸಿತು. ತೆಗೆದುಬಿಡುವ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ನೀನು ಅದನ್ನು ಮುಟ್ಟಿದರೆ ನಾನು ಕುಣಿಯುವುದಿಲ್ಲ. ಪಟ್ಟಿ ಅವರದ್ದು. ಕಾಲು ನಮ್ಮದು."

ದಾರಿ ತೋರಿಸಿದ್ದು ಹೆಡ್ ಟೀಚರ್. ಏಳನೆಯ ಕ್ಲಾಸಿನವರ ನಾಟಕಕ್ಕೂ ಅದರ ಮೊದಲಿನ ಡ್ಯಾನ್ಸಿಗೂ ನಡುವೆ ವೇಷ ಬದಲಾಯಿಸಲಿಕ್ಕೆ ಪ್ರತಿ ವರ್ಷ ಐದು ನಿಮಿಷ ಪರದೆ ಬೀಳುತ್ತದೆ, ಆ ಹೊತ್ತಿಗೆ ಯಾವ ಐಟಂ ಎಂದು ಪಟ್ಟಿಯಲ್ಲಿ ಬರೆಯುವ ಕ್ರಮವೇ ಇಲ್ಲ. "ಪರದೆಯ ಮುಂದೆ ಆರು ಅಡಿ ಜಾಗ ಉಂಟು. ಸಾಕಾ?" ಎಂದು ಕೇಳಿದರು. ಐದು ಜನ ಒಂದೇ ಸಾಲಿನಲ್ಲಿ ನಿಂತು ಅಭ್ಯಾಸ ಮಾಡಿದರು, ಅದೂ ದಿನಾ ಮಧ್ಯಾಹ್ನ, ಅದೇ ಜಗಲಿಯಲ್ಲಿ.

ಸ್ಕೂಲ್ ಡೇ ದಿನ ಸಂಜೆ ಐದೂವರೆ. ಮುಂಡಾಜೆಯಿಂದ ಸೌಂಡಿನವರು ಬಂದು ಜನರೇಟರ್ ಸಮೇತ ಸೌಂಡ್ ಸೆಟ್ ಇಟ್ಟಿದ್ದರು. ನಾನು ಕ್ಯಾಸೆಟ್ ಹಿಡಿದು ಅವರ ಮೇಜಿನ ಪಕ್ಕ ನಿಂತಿದ್ದೆ. ಗೆಳತಿ ಬುರ್ಖಾ ಹಾಕಿಕೊಂಡು ನನಗೆ ಒರಗಿ ನಿಂತಿದ್ದಳು. ಮಾಸ್ಟ್ರು ಮುಂದಿನ ಸಾಲಿನಲ್ಲಿದ್ದರು. ಪರದೆ ಬಿತ್ತು. ಪರದೆಯ ಮುಂದೆ ಐದು ಜನ ಬಂದು ನಿಂತರು, ಎಲ್ಲರ ಕೈಯಲ್ಲೂ ತೊಳೆದು ಒಣಗಿಸಿದ ತಡ್ಪೆ. ನಾನು ಕಣ್ಣು ಸನ್ನೆ ಮಾಡಿದೆ. ಸೌಂಡಿನವರು ಒತ್ತಿದರು.

ಹಾಡು ಓಡಿತು.

ಇದು ನಾವು ಅಭ್ಯಾಸ ಮಾಡಿದ ಹಾಡಲ್ಲ. ಅದೇ ಹಾಡು, ಆದರೆ ಹಗ್ಗ ಕಡಿದುಕೊಂಡ ಕರುವಿನ ಹಾಗೆ ಓಡುತ್ತಿದೆ. ಇದು ಮೂಡುಬಿದಿರೆಯ ಹಾಡು! ಸ್ಟೇಜಿನ ಮೇಲೆ ಐದು ಜನರೂ ಮೊದಲ ಹೆಜ್ಜೆಯಲ್ಲೇ ಹಿಂದೆ ಬಿದ್ದರು. ಒಬ್ಬಳು ಎಡಕ್ಕೆ, ಇನ್ನೊಬ್ಬಳು ಬಲಕ್ಕೆ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

"ನಿಲ್ಲಿಸುವುದಾ ಅಕ್ಕ?" ಎಂದರು ಸೌಂಡಿನವರು.

"ಬೇಡ. ಕೈ ತೆಗೆಯಿರಿ."

ದೊಡ್ಡಕ್ಕ ಎರಡು ಸಾಲು ಸುಮ್ಮನೆ ನಿಂತು ಕೇಳಿದಳು. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಂಡುಹೋಗುವ ಹೊತ್ತು ಮೀರಿದಾಗ ಕೊನೆಯ ಕಟ್ಟುಗಳನ್ನು ಕಟ್ಟುವಾಗ ಅವಳ ಮುಖ ಒಂದು ರೀತಿ ಆಗುತ್ತದೆ, ತುಟಿ ಒಳಗೆ, ಕಣ್ಣು ಸಣ್ಣ. ಆ ಮುಖ ಬಂತು. ಮತ್ತೆ ಅವಳ ಕಾಲು ಹಾಡನ್ನು ಹಿಡಿಯಿತು. ಅವಳನ್ನು ನೋಡಿ ಉಳಿದ ನಾಲ್ವರು ಹಿಡಿದರು. ದಿನಕ್ಕೆ ಸಾವಿರ ಬೀಡಿ ಕಟ್ಟುವ ಕೈಗಳಿಗೆ ಓಡುವುದೇನು ಹೊಸದಾ? ಹದಿನಾರು ಎಣಿಕೆಯ ಹೊಂಡ ಬಂದಾಗ ಕ್ಯಾಸೆಟ್ಟಿನ ತಡ್ಪೆಯೂ ಸ್ಟೇಜಿನ ತಡ್ಪೆಯೂ ಒಟ್ಟಿಗೆ ಬಡಿದವು. ಹಿಂದೆ ನಿಂತಿದ್ದ ಹೆಂಗಸರ ಕಡೆಯಿಂದ ಒಂದು ಬೊಬ್ಬೆ ಎದ್ದಿತು. ಅದರ ಮೇಲಿನಿಂದ ಸ್ಪೀಕರಿನಲ್ಲಿ "ಹೋಯ್!" ಕೇಳಿಸಿತು, ಸಪೂರ, ಚೂಪು, ಹನ್ನೆರಡರ ಹುಡುಗಿಯ ದನಿಯಲ್ಲಿ.

"ಅದು ಯಾರು ಮಾರಾಯ್ತಿ?" ಎಂದಳು ಗೆಳತಿ.

"ನೀನೇ."

ಅವಳು ಬುರ್ಖಾದ ತುದಿ ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ, ನನಗೆ ಗೊತ್ತಾಗಲಿಲ್ಲ.

ಕ್ಯಾಸೆಟ್ ಹಿಂದೆ ಕೊಡುವಾಗ ಸೌಂಡಿನವರು ಕೇಳಿದರು, "ಇದನ್ನು ಯಾವ ಹೊತ್ತಿಗೆ ಮಾಡಿದ್ದು?" ಮಧ್ಯಾಹ್ನ ಎಂದೆ. "ಅದೇ. ಮಧ್ಯಾಹ್ನ ತ್ರೀ ಫೇಸ್ ಬಿಡ್ತಾರೆ, ಊರಿನ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಶುರುವಾಗ್ತದೆ. ವೋಲ್ಟೇಜ್ ಬಿದ್ದು ನಿಮ್ಮ ಸೆಟ್ಟಿನ ಮೋಟರ್ ಎಳೀತಾ ಇತ್ತು. ಎರಡು ಕ್ಯಾಸೆಟ್ಟೂ ಒಟ್ಟಿಗೆ ನಿಧಾನ ಓಡಿದ್ದರಿಂದ ಹಾಡು ಸರಿಯಾಗಿಯೇ ಉಂಟು ಅಕ್ಕ, ಮೈಕಿನಿಂದ ತುಂಬಿಸಿದ ದನಿ ಮಾತ್ರ ಚೂಪಾಯಿತು. ಇಷ್ಟು ದಿನ ನೀವು ಕೇಳಿದ್ದೇ ನಿಧಾನ."

ಬೀಡಿಗೆ ಕೂರುವ ಹೊತ್ತು, ಪಂಪಿನ ಹೊತ್ತು ಒಂದೇ. ವರ್ಷಗಟ್ಟಲೆ ನಾವು ಕೇಳಿದ್ದೆಲ್ಲ ಸೋತ ಕರೆಂಟಿನ ಹಾಡು. ತಪ್ಪು ಹಾಡಿನ ವಯಸ್ಸಿನದ್ದೂ ಅಲ್ಲ, ನನ್ನ ಕಿವಿಯದ್ದೂ ಅಲ್ಲ. ಸ್ಟೆಬಿಲೈಸರ್ ಇಡಬೇಕೆಂದು ಏಳು ಜನರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಮಾಸ್ಟ್ರು ಹೊರಡುವಾಗ ನನ್ನ ಹತ್ತಿರ ನಿಂತರು. "ಹಾಡು ಬದಲಾಯಿಸಿದಿರಲ್ಲ, ಒಳ್ಳೆಯದಾಯಿತು."

"ಬದಲಾಯಿಸಲಿಲ್ಲ" ಎಂದೆ. ಅವರು ನಂಬಲಿಲ್ಲ. ಮುಂದಿನ ವರ್ಷ ತಾಯಂದಿರ ಡಿಸ್ಕೋ ಬೇಡ, ಜಾನಪದ ಇರಲಿ ಎಂದು ಸಮಿತಿಯಿಂದ ಸೂಚನೆ ಬಂತು. ನಾವು ಅರ್ಜಿಯಲ್ಲಿ 'ಜಾನಪದ: ತಡ್ಪೆ ಕುಣಿತ' ಎಂದು ಬರೆದು ಅದೇ ಕ್ಯಾಸೆಟ್ ಕೊಂಡುಹೋದೆವು. ಆ ಸಲ ಪರದೆಯ ಒಳಗೆ, ಪೂರ್ತಿ ಸ್ಟೇಜಿನಲ್ಲಿ.

ಎರಡು ಸಾವಿರದ ನಂತರ ಕ್ಯಾಸೆಟ್ಟುಗಳ ಕಾಲ ಮುಗಿಯುತ್ತಾ ಬಂದಾಗ, ಅದನ್ನು ಸಿಡಿ ಮಾಡಿಸಲಿಕ್ಕೆ ಮೂಡುಬಿದಿರೆಯ ಒಂದು ಸ್ಟುಡಿಯೋಕ್ಕೆ ಹೋದೆ. ಕಂಪ್ಯೂಟರ್ ಮುಂದೆ ಕೂತವರು ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿ, ನನ್ನ ಜೋಡಣೆಗಳನ್ನೆಲ್ಲ ಬೆರಳಿಟ್ಟು ತೋರಿಸಿದರು. ಹಳೆ ಹಾಡನ್ನು ಹೀಗೆಲ್ಲ ಮಾಡಬಾರದಿತ್ತು ಎಂದರು. ಮತ್ತೆ ಹದಿನಾರು ಎಣಿಕೆಯ ಹತ್ತಿರ ನಿಲ್ಲಿಸಿದರು.

"ಇಲ್ಲಿ ದನಿ ಸ್ಪೀಡ್ ಆಗಿ ಚೂಪಾಗಿದೆ. ಸರಿ ಮಾಡ್ತೇನೆ ಅಕ್ಕ, ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ತೆಗೆದೇ ಬಿಡುವ."

"ಬೇಡ" ಎಂದೆ. "ಅದನ್ನು ಮುಟ್ಟಬೇಡಿ. ಇದ್ದ ಹಾಗೆ ಕೊಡಿ. ಏಳು ಸಿಡಿ."