ಆಂಟಿಗೆ ಓದಿ ಹೇಳಿದ ಫಾರ್ಮ್

ಆ ಒಂದು ಪ್ರಶ್ನೆಯನ್ನು ನಾನು ಓದಿ ಹೇಳಿದೆನೋ ಇಲ್ಲವೋ, ಖಚಿತವಿರಲಿಲ್ಲ. ಓದಿದಂತೆ ಒಂದು ನೆನಪಿತ್ತು. ಅದು ನಾನೇ ಆಮೇಲೆ ಕಟ್ಟಿಕೊಂಡದ್ದೂ ಇರಬಹುದು... ಎರಡು ತಿಂಗಳ ಹಿಂದೆ, ನ್ಯೂಯಾರ್ಕ್ ಹತ್ತಿರದ ಹಿಕ್ಸ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಯಾರೋ ಮೆಂತ್ಯದ ಹಿಟ್ಟಿನ ಪೊಟ್ಟಣ ಬಿಚ್ಚಿದರು. ಆ ವಾಸನೆಗೆ ಕೆಳಗಿನ ಮನೆ ಆಂಟಿ ಕಣ್ಣ ಮುಂದೆ ಬಂದರು.

ನಾನು ಪಿಎಚ್‌ಡಿ ಮಾಡುತ್ತಿದ್ದಾಗ, ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ನನ್ನ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಅವರು ಮಗಳು ಅಳಿಯನ ಜೊತೆ ಇದ್ದರು. ಮೈಸೂರಿನವರು. ಗ್ರೀನ್ ಕಾರ್ಡ್ ಬಂದು ಮೂರೇ ವರ್ಷ. ಹತ್ತಿರದ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಮಗಳ ಸೀಮಂತದಲ್ಲಿ ಬೀಗರೆದುರು ಬರೀ ಗಾಜಿನ ಬಳೆಯಲ್ಲಿ ನಿಲ್ಲಲು ನಾಚಿ, ಆ ಮನೆಯವರ ಚಿನ್ನದ ಬಳೆಗಳನ್ನು ಹೇಳದೆ ತಂದು ತೊಟ್ಟರು. ಸೋಮವಾರ ವಾಪಸ್ ಇಡುವ ಯೋಚನೆ. ಭಾನುವಾರವೇ ಸೀಮಂತದ ಫೋಟೊ ಆ ಮನೆಯಾಕೆಯ ಫೋನಿಗೆ ತಲುಪಿತ್ತು. ಪೊಲೀಸರು ಬಂದರು.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಮಗಳು ಬಾಣಂತಿ. ಅಳಿಯ ತಲೆ ಹಾಕಲಿಲ್ಲ. ಇಂಗ್ಲಿಷ್ ಬಾರದ ಆಂಟಿಯ ಜೊತೆ ವಕೀಲರ ಆಫೀಸಿಗೆ ಹೋದವನು ನಾನು. ತಪ್ಪೊಪ್ಪಿಕೊಂಡರೆ ಜೈಲಿಲ್ಲ ಎಂದು ವಕೀಲರು ಒಂದು ಫಾರ್ಮ್ ಕೊಟ್ಟು, ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಹೇಳಿ, ಯೆಸ್ ಅಥವಾ ನೋ ಸುತ್ತ ಅವರಿಂದಲೇ ಸೊನ್ನೆ ಎಳೆಸಲು ತಿಳಿಸಿ ಹೊರಗೆ ಹೋದರು. ನನಗೆ ನ್ಯೂಯಾರ್ಕ್ ಬಸ್ಸಿನ ಅವಸರ.

“ಇನ್ನೂ ಎಷ್ಟಿದೆಯಪ್ಪಾ?”

“ಮುಗೀತು ಆಂಟಿ. ಎಲ್ಲದಕ್ಕೂ ಯೆಸ್, ಅಷ್ಟೇ.”

“ನನ್ನ ಮದುವೇಲೂ ಇಷ್ಟು ಸಲ ಹೂಂ ಅಂದಿರ್ಲಿಲ್ಲ ಕಣಪ್ಪ!”

ಒಪ್ಪಿಕೊಂಡರೆ ನಿಮ್ಮನ್ನು ದೇಶದಿಂದ ಹೊರಗೆ ಕಳಿಸಬಹುದು, ಅದು ಗೊತ್ತೇ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಮೊಮ್ಮಗಳು ಹುಟ್ಟಿ ಹನ್ನೆರಡು ದಿನವಾಗಿತ್ತು. ಗೊತ್ತಿದ್ದರೆ ಅವರು ಸಹಿ ಹಾಕುತ್ತಿದ್ದರೇ...

ಕೆಲವು ತಿಂಗಳ ಮೇಲೆ ಇಮಿಗ್ರೇಷನ್‌ನವರು ಬಂದು, ಗಡೀಪಾರಿಗೆ ಮುನ್ನ ಕೂಡಿಹಾಕುವ ಡಿಟೆನ್ಷನ್‌ಗೆ ಅವರನ್ನು ಒಯ್ದರು. ಮಗಳು ಮಗುವನ್ನೆತ್ತಿಕೊಂಡೇ ಮೇಲೆ ಬಂದಳು.

“ನೀವು ಆ ಪ್ರಶ್ನೆ ಹೇಳ್ಲೇ ಇಲ್ವಂತೆ. ಹಾಗಂತ ಬರೆದುಕೊಟ್ರೆ ಕೇಸ್ ರೀಓಪನ್ ಮಾಡಿಸ್ಬಹುದಂತೆ. ಅಮ್ಮನ್ನ ಉಳಿಸ್ಕೋಬಹುದು.”

ನನ್ನ ವೀಸಾ ರಿನ್ಯೂ ಆಗುವುದಿತ್ತು; ಕೋರ್ಟಿನ ಕಾಗದದಲ್ಲಿ ಹೆಸರು ಬರುವುದು ಬೇಡವಿತ್ತು. “ನಿಜವಾಗ್ಲೂ ನೆನಪಿಲ್ಲ. ನೆನಪಿಲ್ಲದ್ದನ್ನ ಬರೆಯೋದು ಸರಿಯಲ್ಲ” ಎಂದೆ. ಎಷ್ಟು ಪ್ರಾಮಾಣಿಕವಾಗಿ ಕೇಳಿಸಿತು ಆ ಮಾತು! ಅವಳು ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡು ಇಳಿದುಹೋದಳು.

ಆಂಟಿಯನ್ನು ಕೈಗೆ ಕೋಳ ಹಾಕಿ ವಿಮಾನ ಹತ್ತಿಸಿದರಂತೆ. ಹೋದ ವರ್ಷ ಮೈಸೂರಿನಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಮೊಮ್ಮಗಳನ್ನು ಮತ್ತೆ ಎತ್ತಿಕೊಳ್ಳಲೇ ಇಲ್ಲ.

ಹಿಕ್ಸ್‌ವಿಲ್‌ನಿಂದ ಬಂದವನು ಕೋರ್ಟಿಗೆ ಬರೆದು ಆ ಫಾರ್ಮಿನ ಪ್ರತಿ ತರಿಸಿಕೊಂಡೆ. ಮೊದಲ ಪುಟಗಳಲ್ಲಿ ಒಂದೊಂದು ಯೆಸ್ ಸುತ್ತಲೂ ಆಂಟಿಯೇ ಎಳೆದ ನಡುಗುವ ಸೊನ್ನೆ. ಆ ಪ್ರಶ್ನೆಯಿರುವ ಪುಟದಲ್ಲಿ ಮಾತ್ರ ಎಲ್ಲ ಯೆಸ್‌ಗಳನ್ನೂ ಸೇರಿಸಿ ಮೇಲಿಂದ ಕೆಳಗೆ ಒಂದೇ ಸುತ್ತು. ಅದು ನನ್ನ ಕೈಯದು.