ನಟ್ಟನಡುವಿನ ಚೀಟಿ

ಸಿನಿಮಾ ಸಂಕಲನ ಮಾಡುವ ಆಕೆಯನ್ನು ಚಿತ್ರರಂಗದವರೆಲ್ಲ ಕತ್ತರಿ ಅಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಕೂತು ಬೇರೆಯವರ ಪ್ರೇಮ, ಸಾಹಸಗಳನ್ನು ಕತ್ತರಿಸಿ ಜೋಡಿಸುತ್ತಿದ್ದಳು.

ಒಂದು ಸಲ ಹೊಸ ನಿರ್ದೇಶಕನೊಬ್ಬ ತನ್ನ ಮೊದಲ ಚಿತ್ರ ತಂದ. ನಕ್ಷೆ ಬರೆಯುವ ಹುಡುಗಿ, ದೋಣಿ ನಡೆಸುವ ಹುಡುಗ, ದ್ವೀಪದಲ್ಲಿ ನಿಧಿ, ಬೆನ್ನ ಹಿಂದೆ ಕಳ್ಳರು. ಕೊನೆಯ ಹತ್ತು ನಿಮಿಷದಲ್ಲಿ ಹುಡುಗನ ಜೇಬಿನಲ್ಲಿ ಕಳ್ಳರ ಚೀಟಿ ಸಿಕ್ಕಿ, ಅವನು ನಕ್ಷೆಯ ಪ್ರತಿ ಮಾರಿದ್ದು ಬಯಲಾಗುತ್ತಿತ್ತು. ಹುಡುಗಿ ಎರಡು ಹನಿ ಕಣ್ಣೀರು ಹಾಕಿ ಕ್ಷಮಿಸಿಬಿಡುತ್ತಿದ್ದಳು.

ಅಕ್ಕ ಅದನ್ನು ಮನೆಗೆ ಒಯ್ದು ದರ್ಜಿ ಗಂಡನಿಗೆ ತೋರಿಸಿದಳು. ಚಿತ್ರ ಶುರುವಾಗಿ ಸರಿಯಾಗಿ ಒಂದು ಗಂಟೆಯಾದಾಗ ಅವನು ಟೀ ಮಾಡಲು ಎದ್ದ.

"ನಿಲ್ಲಿಸ್ಲಾ?"

"ಬೇಡ, ಓಡ್ಲಿ ಬಿಡು. ನಿಧಿ ಸಿಗುತ್ತೆ, ಮದ್ವೆ ಆಗುತ್ತೆ. ಇನ್ನೇನಿದೆ?"

ಮರುದಿನ ಅಕ್ಕ ಚೀಟಿಯ ದೃಶ್ಯವನ್ನು ಕೊನೆಯಿಂದ ಎತ್ತಿ, ಗುಹೆಯಲ್ಲಿ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ ಮರುಕ್ಷಣಕ್ಕೆ, ಅಂದರೆ ಚಿತ್ರದ ನಟ್ಟನಡುವೆ ಇಟ್ಟಳು. ಕ್ಷಮೆಯ ಕಣ್ಣೀರನ್ನು ಮಾತ್ರ ಕೊನೆಗೇ ಬಿಟ್ಟಳು.

ನಿರ್ದೇಶಕ ಹೌಹಾರಿದ. "ಅಕ್ಕಾ, ಗುಟ್ಟನ್ನ ಅರ್ಧದಲ್ಲೇ ಬಿಟ್ಕೊಟ್ರೆ ಆಮೇಲೇನು?"

"ಇಲ್ಲೀವರೆಗೆ ನಿಧಿ ಸಿಗುತ್ತಾ ಅಂತ ನೋಡ್ತಾರೆ. ಇಲ್ಲಿಂದ ಮುಂದೆ ಇವಳು ಇವನನ್ನ ನಂಬ್ತಾಳಾ ಅಂತ ನೋಡ್ತಾರೆ. ಓಡಾಟ ಅದೇ ಕಣಪ್ಪಾ, ಎದೆಬಡಿತ ಬೇರೆ."

ಬಂಡೆಯಂಚಿನಲ್ಲಿ ನೇತಾಡುವ ಹುಡುಗಿಗೆ ಹುಡುಗ ಕೈ ಚಾಚುವ ದೃಶ್ಯವೊಂದಿತ್ತು. ಅವಳು ನಾಲ್ಕು ಸೆಕೆಂಡು ಆ ಕೈ ಹಿಡಿಯದೆ ಸುಮ್ಮನೆ ನೋಡುತ್ತಾಳೆ. ಅಸಲಿಗೆ ನಟಿ ನಿರ್ದೇಶಕನ ಸನ್ನೆಗಾಗಿ ಕಾಯುತ್ತಿದ್ದಳು. ಕಸಕ್ಕೆ ಹೋಗಬೇಕಿದ್ದ ಆ ತುಣುಕನ್ನು ಅಕ್ಕ ಚೀಟಿಯ ದೃಶ್ಯದ ನಂತರ ಹಾಗೇ ಉಳಿಸಿಕೊಂಡಳು. ಈಗ ಮನೆಯಲ್ಲಿ ಅದನ್ನು ನೋಡುತ್ತ ಅಕ್ಕನ ಗಂಡ, ಒಲೆಯ ಮೇಲೆ ನೀರು ಬತ್ತಿ ಪಾತ್ರೆ ಕರಕಲಾದರೂ ಏಳಲಿಲ್ಲ.

ಚಿತ್ರ ಗೆದ್ದಿತು. ಆ ನಾಲ್ಕು ಸೆಕೆಂಡಿನ ಅಭಿನಯಕ್ಕೆ ನಟಿಗೆ ಪ್ರಶಸ್ತಿ ಬಂತು. ನಿರ್ದೇಶಕ ಸಿನಿಮಾ ಶಾಲೆಯೊಂದರಲ್ಲಿ ಉಪನ್ಯಾಸ ಕೊಟ್ಟ. "ನಡು ಗಟ್ಟಿಯಿಲ್ಲದ ಕತೆ ಎದ್ದು ನಿಲ್ಲಲ್ಲ. ನಾನಂತೂ ಬರೆಯೋಕೆ ಮೊದ್ಲೇ ಈ ನಡುವನ್ನ ಕಂಡಿದ್ದೆ!" ಮೂರನೇ ಸಾಲಿನಲ್ಲಿದ್ದ ಅಕ್ಕನನ್ನೂ ವೇದಿಕೆಗೆ ಕರೆದು, ಎರಡು ಮಾತಾಡಿ ಎಂದ.

"ಕೊನೇಲಿದ್ದದ್ದನ್ನ ನಡುವೆ ತಂದಿಟ್ಟೆ, ಅಷ್ಟೇ," ಎಂದಳು ಅಕ್ಕ.

ಎಂಥ ವಿನಯ ಎಂದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಿರ್ದೇಶಕನೇ.

ವರ್ಷ ಕಳೆದ ಮೇಲೆ ಅವನು ಎರಡನೆಯ ಚಿತ್ರದೊಂದಿಗೆ ಬಂದ. ಬಾಗಿಲು ಮುಚ್ಚಿ ದನಿ ತಗ್ಗಿಸಿದ. "ಇದ್ರ ನಡು ಎಲ್ಲಿದೆ ಅಂತ ನಂಗೇನೋ ಗೊತ್ತು. ಆದ್ರೂ ನೀವೊಂದ್ಸಲ ಹುಡುಕಿ ನೋಡಿ ಅಕ್ಕಾ."

ಅಕ್ಕ ಪಕ್ಕದ ಕುರ್ಚಿ ಎಳೆದಳು. "ಬಾ, ಕೂತ್ಕೋ. ಈ ಸಲ ನೀನೂ ಹುಡುಕು."