ಕೈ ತಪ್ಪದ ಕೃಷ್ಣಾಬಾಯಿ

ಟಿಳಕವಾಡಿಯ ಕೃಷ್ಣಾಬಾಯಿಯ ಬಾಯಿಗೆ ಹೆದರಿ ಹಾಲಿನವನು ಗೇಟಿನ ಹೊರಗೇ ನಿಲ್ಲುತ್ತಿದ್ದ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮ ಮಧುಕರನ ಮನೆ ಸೇರಿದವಳು. ಆಸ್ತಿಯಿಲ್ಲ, ಮಕ್ಕಳಿಲ್ಲ; ತನ್ನದು ಅಂತ ಇದ್ದದ್ದು ಆ ಮನೆಯ ಒಲೆಯೊಂದೇ. ಅಡಿಗೆ ಮಾಡುತ್ತ ರುಚಿ ನೋಡಿದರೆ ಅದು ಎಂಜಲು ಎನ್ನುವವಳು, ನೈವೇದ್ಯಕ್ಕೆ ಮೊದಲು ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿದವಳಲ್ಲ. ಆದರೂ ಅವಳ ಅಡಿಗೆಯಲ್ಲಿ ಉಪ್ಪು ಹೆಚ್ಚುಕಡಿಮೆ ಆಯಿತು ಎಂದು ಯಾರೂ ಅಂದದ್ದಿಲ್ಲ. ಆ ಸೊಕ್ಕು ಅವಳಿಗಿತ್ತು. ಯಾಕಿರಬಾರದು?

ಮಧುಕರನ ಹೆಂಡತಿ ಕುಮುದಿನಿ ಬ್ಯಾಂಕಿಗೆ ಹೋಗುವವಳು. ಅತ್ತಿಗೆ-ನಾದಿನಿ ಇಬ್ಬರೂ ಹಾವು ಮುಂಗುಸಿ. ಅಕ್ಕನನ್ನು ಖಾನಾಪುರದ ಇನ್ನೊಬ್ಬ ತಮ್ಮ ಕೃಷ್ಣಾಜಿಯ ಮನೆಗೆ ಕಳಿಸಿಬಿಡಿ ಎಂದು ಅವಳು ಗಂಡನ ಕಿವಿ ಕಚ್ಚುತ್ತಲೇ ಇದ್ದಳು. ಅದು ಕೃಷ್ಣಾಬಾಯಿಯ ಕಿವಿಗೂ ಬಿದ್ದಿತ್ತು. ಬಿದ್ದಾಗಿನಿಂದ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು.

೧೯೭೮ರಲ್ಲಿ ಮಧುಕರನ ಅವಳಿ ಮಕ್ಕಳಿಗೆ ಎರಡು ತುಂಬಿತು. ಓಣಿಯ ಪುಟ್ಟ ಮಕ್ಕಳನ್ನೆಲ್ಲ ಕರೆದಾಗಿತ್ತು. ಕುಮುದಿನಿ ಮಿಲಿಟರಿ ಕ್ಯಾಂಪಿನ ಅಂಗಡಿಯಿಂದ ಚೀಸಿನ ಡಬ್ಬಿ ತಂದು ಅಡಿಗೆಮನೆಯ ಕಟ್ಟೆಯ ಮೇಲೆ ಕುಕ್ಕಿದಳು.

“ಆಲೂಗಡ್ಡಿ ಕುದಿಸಿ ಹಿಚುಕ್ರಿ ಅಕ್ಕಾ. ಹಾಲಿನ್ಯಾಗ ಇದನ್ನ ಕರಗಿಸಿ ಅದಕ್ಕ ಹಾಕ್ರಿ. ಉಪ್ಪು ಮಾತ್ರ...”

“ಉಪ್ಪು ಹೇಳಿಕೊಡ್ಲಿಕ್ಕೆ ಬಂದ್ಯಾ ನನಗ? ನಡಿ ಹೊರಗ!”

“ನೀವಾತು, ನಿಮ್ಮ ಉಪ್ಪಾತು!” ಎಂದು ಕುಮುದಿನಿ ದಡದಡ ಹೊರಟೇಹೋದಳು.

ಡಬ್ಬಿ ತೆರೆದರೆ ಹುಳಿತ ವಾಸನೆ. ಕೃಷ್ಣಾಬಾಯಿ ಮೂಗಿಗೆ ಸೆರಗು ಹಿಡಿದುಕೊಂಡೇ ಚೀಸು ಹೆರೆದಳು, ಸಣ್ಣ ಉರಿಯಲ್ಲಿ ಹಾಲಿಗೆ ಹಾಕಿ ತಿರುವಿದಳು. ಸೌಟು ಎತ್ತಿದರೆ ನೂಲು ನೂಲು. ಥೂ, ಇದೇನು ಅಂಟೋ ಅನ್ನವೋ! ಬೈದುಕೊಂಡಳು ನಿಜ, ಆದರೆ ಆ ಕೂಸುಗಳೆಂದರೆ ಅವಳಿಗೆ ಜೀವ. ಒಂದು ಗಂಟೂ ಉಳಿಯದಂತೆ ಆಲೂಗಡ್ಡೆ ಹಿಸುಕಿದಳು. ಬಾಯಿ ಸುಟ್ಟೀತೆಂದು ಬೀಸಣಿಗೆ ಹಿಡಿದು ಆರಿಸಿದಳು. ಉಪ್ಪು ಎಂದಿನ ಕೈಯಳತೆಯಲ್ಲೇ ಬಿತ್ತು. ಚೀಸಿನಲ್ಲಿ ಮೊದಲೇ ಉಪ್ಪಿರುತ್ತದೆಂದು ಹೇಳಲು ಬಂದವಳನ್ನು ತಾನೇ ಅಟ್ಟಿದ್ದಳಲ್ಲ!

ಮೊದಲ ತುತ್ತಿಗೇ ಮಕ್ಕಳು ಉಗುಳಿದವು. ಒಂದು ಅಳಲು ಶುರುಮಾಡಿದ್ದೇ ತಡ, ಎಲ್ಲವೂ ರಾಗ ತೆಗೆದವು. ಕುಮುದಿನಿ ಬೆರಳಿಗೆ ಹಚ್ಚಿಕೊಂಡು ನೋಡಿದವಳೇ ಓಣಿಯ ಹೆಂಗಸರೆದುರು ಸಿಡಿದಳು.

“ನನ್ನ ಮ್ಯಾಲಿನ ಸಿಟ್ಟು ಕೂಸುಗಳ ಮ್ಯಾಲೆ ತೀರಿಸಿಕೊಂಡ್ರೇನು? ಬೇಕಂತನೇ ಹಾಕೀರಿ!”

ಮಧುಕರ ನಡುವೆ ಬಂದ. “ಇಲ್ಲ ಅನ್ನು ಅಕ್ಕಾ. ಕೈ ತಪ್ಪಿ ಬಿತ್ತು ಅನ್ನು, ಮುಗೀತು.”

ಕೈ ತಪ್ಪಿತೇ! ಕೃಷ್ಣಾಬಾಯಿಗೆ ಮೈಯೆಲ್ಲ ಉರಿಯಿತು. ಕೆಟ್ಟವಳೆನ್ನಲಿ, ಹೊಟ್ಟೆಕಿಚ್ಚಿನವಳೆನ್ನಲಿ, ತಾಳಿಕೊಂಡಾಳು. ಕೈ ಕೆಟ್ಟಿತು ಎಂದು ಹೇಗೆ ಅನ್ನಿಸಿಕೊಂಡಾಳು?

“ನನ್ನ ಕೈ ಎಂದೂ ತಪ್ಪಿಲ್ಲ. ಬೇಕಂತನೇ ಹಾಕೀನಿ. ಏನ್ ಮಾಡ್ತೀರಿ?”

ಆ ವಾರವೇ ಮಧುಕರ ಅವಳನ್ನು ಖಾನಾಪುರದ ಬಸ್ಸು ಹತ್ತಿಸಿದ.

ಸುದ್ದಿ ಅವಳಿಗಿಂತ ಮೊದಲೇ ಕೃಷ್ಣಾಜಿಯ ಮನೆ ಮುಟ್ಟಿತ್ತು. ಅಲ್ಲಿ ಅವಳನ್ನು ಒಲೆಯ ಹತ್ತಿರವೂ ಬಿಡಲಿಲ್ಲ. ಒಂದು ಮಧ್ಯಾಹ್ನ ಕೃಷ್ಣಾಜಿಯ ಕಿರಿಮಗಳು, ಆಗಷ್ಟೇ ನಡೆಯಲು ಕಲಿತ ಕೂಸು, ಹಸಿದು ಕೈ ಚಾಚಿತು. ಕೃಷ್ಣಾಬಾಯಿ ಬಾಳೆಹಣ್ಣು ಸುಲಿದು ಕೊಟ್ಟಳು. ತಾಯಿ ಒಳಗಿನಿಂದ ಓಡಿಬಂದು ಅದನ್ನು ಕಸಿದು ಅಂಗಳಕ್ಕೆ ಎಸೆದಳು.

“ಅತ್ಯಾ ಕೊಟ್ಟಿದ್ದು ತಿನ್ನಬ್ಯಾಡ ಅಂತ ಹೇಳಿಲ್ಲೇನು?”

ಅಂದು ಕೈ ತಪ್ಪಿತ್ತು ಎಂದು ಈಗಲಾದರೂ ಹೇಳಬಹುದಿತ್ತು. ಕೃಷ್ಣಾಬಾಯಿ ಮಣ್ಣಾದ ಹಣ್ಣನ್ನು ಎತ್ತಿಕೊಂಡು ಹೋಗಿ ದನದ ಮುಂದೆ ಹಾಕಿದಳು.